ಪೆಟ್ಟಿಗೆಯಲ್ಲಿ ಇಲ್ಲದಿದ್ದ ಕಪ್ಪು ಪಟ್ಟಿ

2023ರ ಅಕ್ಟೋಬರ್ 14, ಶನಿವಾರ, ಬೆಳಗಿನ 5 ಗಂಟೆ 40 ನಿಮಿಷ. ಕಾರ್ಪಾಥಿಯನ್ ಪರ್ವತಗಳ ತಪ್ಪಲಿನ ನಮ್ಮೂರ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವ ಟ್ರೈಯನ್ ಬುಸುಯೋಕ್ ತಗಡಿನ ಪೆಟ್ಟಿಗೆ ತೆರೆದು, ಗಾಯಾಳುಗಳ ಮಣಿಕಟ್ಟಿಗೆ ಕಟ್ಟುವ ಪಟ್ಟಿಗಳನ್ನು ಎಣಿಸುತ್ತಿದ್ದಾರೆ. ಕಾಯಬಲ್ಲವರಿಗೆ ಹಸಿರು, ಸ್ವಲ್ಪ ಹೊತ್ತು ಮಾತ್ರ ಕಾಯಬಲ್ಲವರಿಗೆ ಹಳದಿ, ಕಾಯಲಾಗದವರಿಗೆ ಕೆಂಪು. ಯಾವ ಚಿಕಿತ್ಸೆಯೂ ಉಳಿಸಲಾರದವರಿಗೆ ಕಪ್ಪು. ಏಳು ಗಂಟೆಗೆ ವಿಪತ್ತಿನ ತಾಲೀಮು; ಸಿಬ್ಬಂದಿಯೇ ಗಾಯಾಳುಗಳಾಗಿ ಮಲಗುತ್ತಾರೆ.

"ಬೆಳ್‌ಬೆಳಗ್ಗೆ ಅದನ್ಯಾಕೆ ತೆಗೀತೀರಾ ಟ್ರೈಯನಣ್ಣ?" ಎನ್ನುತ್ತಾ ಹಿರಿಯ ನರ್ಸ್ ಒಟಿಲಿಯಾ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. "ಬದುಕಿರೋರಿಗೆ ಕಪ್ಪು ಕಟ್ಟೋದೂ ಒಂದೇ, ಅವರ ಹೆಸರಲ್ಲಿ ತಿಥಿ ಗೋಧಿ ಬೇಯಿಸೋದೂ ಒಂದೇ."

"ನಂಗೇ ಕಟ್ಟು ತಾಯಿ. ಗೋಧಿಗೆ ಸಕ್ಕರೆ ಮಾತ್ರ ಜಾಸ್ತಿ ಹಾಕ್ಸು."

ಟ್ರೈಯನ್‌ಗೆ ಐವತ್ತೆಂಟು, ಈ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ. ದಿನಕ್ಕೆ ನಲವತ್ತು ರೋಗಿಗಳು, ಸುಮಾರು ಒಂಬತ್ತು ಕಿಲೋಮೀಟರ್ ನಡಿಗೆ. ಪಟ್ಟಿಗಳ ಪೆಟ್ಟಿಗೆಯೂ ಅವರದೇ ಜವಾಬ್ದಾರಿ. ಹಿಂದೆ ತಾಲೀಮುಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡುವವರ ಕೈಗೆ ಕಪ್ಪು ಕಟ್ಟಲು ಎಲ್ಲರಿಗೂ ಅಂಜಿಕೆ. ಅಪಶಕುನವೆಂದು ನರ್ಸುಗಳು ಗೋಗರೆದಾಗ, ಟ್ರೈಯನ್ ಕಪ್ಪು ಪಟ್ಟಿಗಳ ಕಟ್ಟನ್ನು ಪೆಟ್ಟಿಗೆಯಿಂದ ತೆಗೆದು ಬಟ್ಟೆಯ ಬೀರುವಿನಲ್ಲಿಟ್ಟರು. ಅದು ಅಲ್ಲೇ ಉಳಿಯಿತು.

2020ರ ಜನವರಿಯಲ್ಲಿ ಹಿಮಗಟ್ಟಿದ ತಿರುವಿನಲ್ಲಿ ಬಸ್ಸು ಮಗುಚಿತು. ಐವತ್ತು ನಿಮಿಷಗಳಲ್ಲಿ ಇಪ್ಪತ್ತಮೂರು ಗಾಯಾಳುಗಳು. ಶಸ್ತ್ರಚಿಕಿತ್ಸೆಯ ಕೋಣೆ ಒಂದೇ. ತಲೆ ಜಜ್ಜಿಹೋಗಿದ್ದ ಒಬ್ಬನ ಮುಂದೆ ನಿಂತ ಒಟಿಲಿಯಾ ಪೆಟ್ಟಿಗೆಯಲ್ಲಿ ಕಪ್ಪಿಗಾಗಿ ತಡಕಾಡಿದರು. ಸಿಗಲಿಲ್ಲ. ಕೆಂಪು ಕಟ್ಟಿದರು. ಅವನೇ ಮೊದಲು ಒಳಗೆ ಹೋದ, ಮೇಜಿನ ಮೇಲೆಯೇ ತೀರಿಕೊಂಡ. ಹೊಟ್ಟೆಯೊಳಗೆ ರಕ್ತ ಸುರಿಯುತ್ತಿದ್ದ ದರ್ಜಿ ಝೆನೋವಿಯಾ ಹೊರಗೆ ನಲವತ್ತೆಂಟು ನಿಮಿಷ ಕಾದರು, ಉಳಿಯಲಿಲ್ಲ. ಅವರ ಸ್ಟ್ರೆಚರ್ ಹಿಡಿದು ನಿಂತಿದ್ದವರು ಟ್ರೈಯನ್.

"ನೀರು ಕೇಳಿದ್ಲು. ಕೊಡೋ ಹಾಗಿರಲಿಲ್ಲ," ಎನ್ನುತ್ತಾರೆ. "ಬೇಗ ಒಳಗೆ ಹೋಗಿದ್ರೆ ಉಳೀತಿದ್ಲು ಅಂತ ಡಾಕ್ಟರು ಹೇಳಿಲ್ಲ. ಉಳೀತಿರಲಿಲ್ಲ ಅಂತಾನೂ ಹೇಳಿಲ್ಲ."

ಅಂದಿನಿಂದ ಪ್ರತಿ ತಾಲೀಮಿನಲ್ಲೂ ಟ್ರೈಯನ್ ಸಾಯುವವರಾಗಿ ಮಲಗುತ್ತಾರೆ. ಬೇರೆ ಯಾರೂ ಕಟ್ಟಲೊಪ್ಪದ ಕಪ್ಪು ಪಟ್ಟಿಯನ್ನು ತಾವೇ ಕಟ್ಟಿಕೊಳ್ಳುತ್ತಾರೆ. "ನಾನು ರಿಟೈರ್ ಆಗೋದ್ರೊಳಗೆ ಒಂದ್ಸಲ ಬೇರೆಯವರ ಕೈ ಇದನ್ನ ಕಟ್ಟಲಿ. ಇನ್ನೇನೂ ಬೇಡ."

ಏಳಕ್ಕೆ ಗಂಟೆ ಮೊಳಗುತ್ತದೆ. ಟ್ರೈಯನ್ ನೆಲದ ಮೇಲೆ ಕಣ್ಮುಚ್ಚಿ ಮಲಗಿದ್ದಾರೆ, ಇಂದು ಕೈ ಬರಿದಾಗಿದೆ. ಒಟಿಲಿಯಾ ಪಕ್ಕದಲ್ಲಿ ಮಂಡಿಯೂರಿ ಕೆಂಪು ಪಟ್ಟಿ ಎತ್ತಿಕೊಳ್ಳುತ್ತಾರೆ, ಕೆಳಗಿಡುತ್ತಾರೆ.

"ಕ್ಷಮಿಸಿ ಅಣ್ಣ."

"ಸತ್ತೋರ ಹತ್ರ ಮಾತಾಡ್ಬಾರ್ದು ತಾಯಿ. ಮುಂದಿನೋರು ಕಾಯ್ತಿದಾರೆ."

ಅವರು ಕಪ್ಪು ಪಟ್ಟಿ ಕಟ್ಟುತ್ತಾರೆ. ಒಬ್ಬ ಗಾಯಾಳುವಿಗೆ ಮೂವತ್ತು ಸೆಕೆಂಡು ಎಂಬುದು ನಿಯಮ. ಒಟಿಲಿಯಾ ತೆಗೆದುಕೊಂಡದ್ದು ಎರಡು ನಿಮಿಷ ಹತ್ತು ಸೆಕೆಂಡು.