ಟ್ಯಾಬಿನ ಮೇಲೆ ಹೊದಿಸಿದ ಟವೆಲ್

ನಾನೇ ದುಡಿದು ಕೊಂಡು ಓಡಿಸುವ ಆಂಬುಲೆನ್ಸಿಗೆ ಜಿಲ್ಲಾಸ್ಪತ್ರೆಯವರು ಪ್ರಯೋಗಕ್ಕೆಂದು ಒಂದು ಟ್ಯಾಬ್ ಕೂರಿಸಿದರು. ಅದರ ನೆಟ್‌ವರ್ಕ್ ತುರ್ತು ಸೇವೆಯವರಿಗೆ ಮಾತ್ರವಂತೆ. ನನ್ನ ಫೋನಿರುವಾಗ ಇದೇಕೆಂದು ಒಗೆದ ಟವೆಲ್ ಹೊದಿಸಿಟ್ಟೆ.

ಒಂದು ದಿನ ಊರಿಗಾಂನಿಂದ ಬಸುರಿಯೊಬ್ಬಳನ್ನು ನರ್ಸ್ ಜೊತೆ ಆಸ್ಪತ್ರೆಗೆ ಕರೆತರುತ್ತಿದ್ದೆ. ಬಂಗಾರಪೇಟೆಯ ಹತ್ತಿರ ಲಾರಿ ಮಗುಚಿ ದಾರಿ ಕಟ್ಟಿತ್ತು. ಜನವೆಲ್ಲ ವಿಡಿಯೊ ಕಳಿಸುತ್ತ ನಿಂತಿದ್ದರು. ಗಾಡಿಯಲ್ಲೇ ಹೆರಿಗೆ ಶುರುವಾಯಿತು.

“ಅಕ್ಕಾ, ಹೊಕ್ಕುಳಬಳ್ಳಿ ಮಗು ಕುತ್ತಿಗೆಗೆ ಸುತ್ಕೊಂಡೈತೆ. ಆಸ್ಪತ್ರೆ ಡಾಕ್ಟರಮ್ಮನ್ನ ಕೇಳ್ಬೇಕು!” ಎಂದಳು ನರ್ಸ್.

ಅಷ್ಟು ವಿಡಿಯೊಗಳಿಗೆ ನೆಟ್‌ವರ್ಕ್ ಕಟ್ಟಿಕೊಂಡು ನನ್ನ ಫೋನಿನಿಂದ ಕರೆಯೇ ಹೋಗಲಿಲ್ಲ. ಮತ್ತೆ ಒತ್ತಿದೆ.

“ನಿನ್ ಜಂಬ ಆಮೇಲೆ, ಆ ಟವೆಲ್ ತೆಗಿಯಕ್ಕಾ!”

ತೆಗೆದು ಟ್ಯಾಬಿನಲ್ಲಿ ಕರೆ ಒತ್ತಿದೆ. ತಕ್ಷಣ ಡಾಕ್ಟರಮ್ಮ ತೆರೆಯ ಮೇಲೆ ಬಂದು, ಬಳ್ಳಿ ಬಿಡಿಸುವುದನ್ನು ಹೇಳಿಕೊಟ್ಟರು. ಮಗು ಅತ್ತಿತು.

“ಮಗೂನ ಸುತ್ತಕ್ಕೆ ಒಣಗಿದ ಬಟ್ಟೆ ಕೊಡಕ್ಕಾ,” ಎಂದಳು ನರ್ಸ್.

ಟವೆಲ್ ಕೊಟ್ಟು, “ನೋಡ್ದಾ, ನಾನೇನು ಸುಮ್ನೆ ಇಟ್ಟಿರ್ಲಿಲ್ಲ,” ಎಂದೆ.