ನಮ್ಮೂರು ಸುಟ್ಟ ಗರಿಗಳು

ಕಾಲೇಜುಗಳ ಚರ್ಚಾ ಸ್ಪರ್ಧೆಗೆ ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಕೊನೆಗೆ ಇಬ್ಬರ ಅಂಕ ಕೂಡಿಸಿ ಫಲಕ ಕೊಡುತ್ತಾರೆ. ಹಾಗಾಗಿ ವೇದಿಕೆಯ ಮೇಲೆ ನಾನು ಯಾರ ಮಾತನ್ನು ಚಿಂದಿ ಮಾಡಬೇಕೋ ಅವಳು ಚೆನ್ನಾಗಿ ಮಾತಾಡಿದರೆ ಮಾತ್ರ ನನಗೂ ಗೆಲುವು. ಅಕ್ಕ ನನಗಿಂತ ಒಂದೇ ವರ್ಷ ದೊಡ್ಡವಳು. ಅವಳು ಯಾವಾಗಲೂ ಪರ, ನಾನು ಯಾವಾಗಲೂ ವಿರೋಧ. ವಿಷಯ ಯಾವುದೇ ಇರಲಿ, ಈ ಹಂಚಿಕೆ ಮಾತ್ರ ಬದಲಾಗುತ್ತಿರಲಿಲ್ಲ.

ಶಿವನಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಕಡೂರಿನ ಕಾಲೇಜಿಗೆ ಹೋಗುವವರು ನಾವು. ಅಭ್ಯಾಸವೆಲ್ಲ ರೈಲಿನಲ್ಲೇ. ಅಜ್ಜಂಪುರದಲ್ಲಿ ಈರುಳ್ಳಿ ಚೀಲದ ಜೊತೆ ಹತ್ತುತ್ತಿದ್ದ ಹೆಂಗಸರೇ ತೀರ್ಪುಗಾರರು.

"ಸಣ್ಣೋಳು ಗೆದ್ಲು ಬಿಡ್ರೀ," ಎಂದು ಒಬ್ಬಳು ಅಂದರೆ, "ದೊಡ್ಡೋಳಿಗೆ ಬಾಯ್ಬಿಡೋಕೆ ಬಿಟ್ರೆ ತಾನೇ!" ಎಂದು ಇನ್ನೊಬ್ಬಳು.

ಬೀರೂರು ದಾಟುವ ಹೊತ್ತಿಗೆ ಅಕ್ಕ ಹೇಗೋ ನನ್ನನ್ನು ಮೂಲೆಗೆ ತಳ್ಳಿರುತ್ತಿದ್ದಳು. ಅವಳಿಗೆ ಕೂಗುವ ಅಭ್ಯಾಸವಿಲ್ಲ. ಒಂದು ಸಣ್ಣ ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದಳು, ಅಷ್ಟೇ. ಇಡೀ ದಿನ ತರಗತಿಯಲ್ಲಿ ಕೂತು ಆ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೆ. ಆ ಪಾಠಗಳಲ್ಲಿ ಒಂದೂ ನೆನಪಿಲ್ಲ. ಪ್ರಶ್ನೆಗಳು ಹೆಚ್ಚೂಕಡಿಮೆ ಎಲ್ಲವೂ ನೆನಪಿವೆ.

ಓದು ಮುಗಿದ ಮೇಲೆ ಅಕ್ಕನಿಗೆ ಸರ್ಕಾರಿ ಗುತ್ತಿಗೆ ಕೆಲಸ ಸಿಕ್ಕಿತು. ರಾಜ್ಯದ ಹವಾಮಾನ ಯೋಜನೆಯನ್ನು ತಿದ್ದಿ, ಹೊಗೆ ಇಳಿಸುವ ಗುರಿಗಳನ್ನು ಬಿಗಿ ಮಾಡಿ, ಅದಕ್ಕೆ ಕಾನೂನಿನ ಬಲ ಕೊಡುವ ಕರಡೊಂದು ತಯಾರಾಗುತ್ತಿತ್ತು. ಇಳಿಸಬೇಕಾದರೆ ಈಗ ಎಷ್ಟಿದೆ ಅಂತ ತಿಳಿಯಬೇಕಲ್ಲ? ಆ ಎಣಿಕೆಗೆ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳು ಅಕ್ಕನ ಪಾಲಿಗೆ ಬಂದವು. ತರೀಕೆರೆಯಲ್ಲೊಂದು ರೂಮು ಮಾಡಿಕೊಂಡಳು. ಲಕ್ಕವಳ್ಳಿಯ ಗದ್ದೆ ಬಯಲು, ಸಖರಾಯಪಟ್ಟಣದ ತೆಂಗಿನ ತೋಟ ಎಲ್ಲ ಮುಗಿಸಿ ಕೊನೆಗೆ ಫಾರಂ ಹಿಡಿದು ನಮ್ಮೂರಿಗೇ ಬಂದಳು.

ನಮ್ಮೂರಲ್ಲಿ ಸುಡುವುದೇನು? ಗ್ಯಾಸ್ ಬಂದು ಅಡುಗೆಮನೆ ಬದಲಾಯಿತು, ಬಚ್ಚಲ ಒಲೆ ಬದಲಾಗಲಿಲ್ಲ. ತೋಟದಲ್ಲಿ ಉದುರಿದ ತೆಂಗಿನ ಗರಿ, ಸಿಪ್ಪೆ, ಕರಟ ಎಲ್ಲ ಹಂಡೆಯ ಕೆಳಗೇ ಹೋಗಬೇಕು. ಬೆಳಿಗ್ಗೆ ಊರಿನ ಮೇಲೆ ನಿಲ್ಲುವ ಹೊಗೆಯೆಲ್ಲ ಸ್ನಾನದ ಹೊಗೆ.

ಹಾಲಿನ ಡೈರಿ ಮುಂದೆ ಜನ ಸೇರಿದರು. ಅಕ್ಕ ವಿವರಿಸಿದಳು: ಈ ವರ್ಷ ಎಷ್ಟು ಸುಡುತ್ತೀರೋ ಅದನ್ನು ಬರೆದುಕೊಳ್ಳುತ್ತೇವೆ, ಅದೇ ಬುನಾದಿ, ಮುಂದಿನ ವರ್ಷಗಳಲ್ಲಿ ಅದರಲ್ಲಿ ಇಷ್ಟು ಪಾಲು ಇಳಿಸಬೇಕು ಅನ್ನುವುದು ಗುರಿ.

ನಾನು ಎದ್ದು ನಿಂತೆ. ನಿಲ್ಲದೆ ಇರುವುದು ಹೇಗೆ?

"ಇವತ್ತು ಹತ್ತು ಅಂತ ನಿಜ ಹೇಳಿದೋನು ನಾಳೆ ಐದಕ್ಕೆ ಇಳೀಬೇಕು," ಎಂದೆ. "ಇಪ್ಪತ್ತು ಅಂತ ಬರೆಸಿದೋನು ನಾಳೆ ಹತ್ತು ಸುಟ್ಕೊಂಡೇ ಒಳ್ಳೆಯವನಾಗ್ತಾನೆ. ಮೊದಲಿಂದ ಕಡಿಮೆ ಸುಟ್ಟೋನಿಗೆ ಈ ಕಾನೂನಲ್ಲಿ ಏನಿದೆ? ಏನೂ ಇಲ್ಲ. ದೊಡ್ಡ ಕಾರ್ಖಾನೆಯೋರಿಗೆ ಈ ಆಟ ಗೊತ್ತು. ಅವರ ಚಿಮಣಿ ಬಿಟ್ಟು ನಮ್ಮಮ್ಮನ ಬಚ್ಚಲಿಗೆ ಯಾಕೆ ಬಂದ್ರಿ?"

ಚಪ್ಪಾಳೆ ಬಿತ್ತು. ಆ ವಾದದ ಒಂದು ಪದವನ್ನೂ ನಾನು ಇವತ್ತಿಗೂ ಹಿಂದೆಗೆದುಕೊಳ್ಳುವುದಿಲ್ಲ. ಚಪ್ಪಾಳೆ ನಿಂತ ಮೇಲೆ ಅಕ್ಕನ ಆ ಸಣ್ಣ ಪ್ರಶ್ನೆ ಬರುತ್ತದೆ ಎಂದು ಕಾದೆ. ಅವಳು ಪೆನ್ನು ತೆಗೆದಳು.

"ನಿಮ್ಮ ಅಭಿಪ್ರಾಯ ದಾಖಲು ಮಾಡ್ಕೊಂಡಿದೀನಿ."

ನಿಮ್ಮ! ಜೊತೆಗೆ ಒಂದೇ ತಟ್ಟೆಯಲ್ಲಿ ಉಂಡವಳು. ಸರ್ಕಾರದ ಪರವಾಗಿ ಬಂದವರು ಸಭೆಯಲ್ಲಿ ವಾದ ಮಾಡುವ ಹಾಗಿಲ್ಲವಂತೆ. ಅದು ಆಮೇಲೆ ತಿಳಿಯಿತು.

ಆದರೆ ಕೆಟ್ಟದ್ದು ನಡೆದದ್ದು ಸಭೆಯಲ್ಲಲ್ಲ, ಆಮೇಲೆ ಫಾರಂ ತುಂಬಿಸುವಾಗ. ನಮ್ಮ ಕಡೆ ಬೆಳೆ ಹಾಳಾದಾಗ ಪರಿಹಾರಕ್ಕೆ ಬರೆಸುವ ಒಂದು ಪದ್ಧತಿಯಿದೆ. ಸರ್ಕಾರ ಹೇಗೂ ಅರ್ಧ ಹೊಡೆದುಹಾಕುತ್ತದೆ, ಆದ್ದರಿಂದ ಎರಡರಷ್ಟು ಹೇಳಬೇಕು. ಇದನ್ನು ಯಾರೂ ಮೋಸ ಅಂದುಕೊಳ್ಳುವುದಿಲ್ಲ. ಅನ್ನಕ್ಕೆ ಇಡುವ ಎಸರಿನ ಹಾಗೆ ಒಂದು ಅಂದಾಜು. ಫಾರಂ ಕಂಡ ತಕ್ಷಣ ಊರಿನ ಕೈ ತಾನಾಗಿಯೇ ಎರಡರಷ್ಟು ಬರೆಸುತ್ತಿತ್ತು. ಅದರ ಮೇಲೆ ನನ್ನ ಭಾಷಣ. ನಾನು ಹೇಳಿದ್ದು ಕಾನೂನಿನ ಹುಳುಕು, ಅವರು ಕೇಳಿಸಿಕೊಂಡಿದ್ದು ಉಪಾಯ. ಎರಡಲ್ಲ, ನಾಲ್ಕರಷ್ಟು ಬರೆಸಿದರು.

ಎರಡು ವಾರದ ಮೇಲೆ ಅಕ್ಕ ಫೋನ್ ಮಾಡಿದಳು.

"ಒಂದು ತೆಂಗಿನ ಮರಕ್ಕೆ ತಿಂಗಳಿಗೆ ಒಂದು ಗರಿ ಉದುರುತ್ತೆ ಕಣೇ. ನಮ್ಮೂರೋರು ವಾರಕ್ಕೊಂದು ಉದುರಿಸಿದಾರೆ. ನಾನು ರೂಮಲ್ಲಿ ಕೂತು ಬರ್ದಿದೀನಿ ಅಂತ ಮೇಲಿನೋರು ತಿಳ್ಕೊಂಡಿದಾರೆ. ಶನಿವಾರದೊಳಗೆ ಲೆಕ್ಕ ಸರಿಯಾಗ್ಲಿಲ್ಲ ಅಂದ್ರೆ ಈ ಕೆಲಸ ಹೋಯ್ತು."

"ಅದು ವಾದ ಕಣೇ ಅಕ್ಕ. ಹಂಗೇ ಮಾಡಿ ಅಂತ ನಾನು ಯಾರಿಗೂ ಹೇಳ್ಲಿಲ್ಲ."

"ಗೊತ್ತು."

"ನಾನು ಹೇಳಿದ್ರಲ್ಲಿ ತಪ್ಪೇನಿದೆ, ಅದಾದ್ರೂ ಹೇಳು."

"ಏನಿಲ್ಲ ಬಿಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಏನಿಲ್ಲ ಬಿಡು ಅಂದರೆ ನಾನು ಯಾರ ಜೊತೆ ವಾದ ಮಾಡಲಿ? ಲೆಕ್ಕ ತಿದ್ದಲು ಮತ್ತೆ ಮನೆಮನೆಗೆ ಹೋಗುವಾಗ ಜೊತೆಗೆ ಬರಲೇ ಎಂದು ಕೇಳಿದೆ. "ಬ್ಯಾಡ," ಎಂದು ಫೋನ್ ಇಟ್ಟಳು. ಈ ಕೆಲಸ ಅವಳಿಗೆ ಬರೀ ಹೊಟ್ಟೆಪಾಡಾಗಿರಲಿಲ್ಲ. ಬೆಂಗಳೂರಲ್ಲಿ ಕೂತವರು ನಮ್ಮ ಬಚ್ಚಲಿನ ಹೊಗೆಯನ್ನು ಊಹಿಸಿ ಬರೆಯುವ ಬದಲು ಗರಿ ಎಳೆದು ಗೊತ್ತಿದ್ದವರೇ ಬರೆಯಲಿ ಅನ್ನುತ್ತಿದ್ದಳು. ಅದನ್ನು ಕೇಳಿ ನಕ್ಕಿದ್ದವಳೂ ನಾನೇ.

ಮರುದಿನ ಬೆಳಿಗ್ಗೆ ಒಬ್ಬಳೇ ಮನೆಮನೆಗೆ ಹೊರಟೆ. ಬದುಕಿನಲ್ಲಿ ಮೊದಲ ಸಲ ನನ್ನ ಮಾತಿನಿಂದ ಆದದ್ದನ್ನು ಹಿಂದಕ್ಕೆ ತರಲು ಹೋದೆ. ಪಕ್ಕದ ಮನೆಯ ದೊಡ್ಡಪ್ಪನಿಂದ ಶುರು. ರಕ್ತಸಂಬಂಧವಲ್ಲ, ಊರ ವರಸೆಯಲ್ಲಿ ದೊಡ್ಡಪ್ಪ. ಎಲ್ಲರಿಗಿಂತ ಹೆಚ್ಚು ಬರೆಸಿದವನು ಅವನೇ. ಅವನು ಇಳಿಸಿದರೆ ಬೀದಿಯೆಲ್ಲ ಇಳಿಸುತ್ತದೆ.

"ಮೊನ್ನೆ ಜಾಸ್ತಿ ಬರ್ಸಿದೋನೇ ಜಾಣ ಅಂದೆ," ಎಂದ ದೊಡ್ಡಪ್ಪ, ಎಲೆ ಅಡಿಕೆ ಜಗಿಯುತ್ತಾ.

"ನಾನು ಹಂಗಂದಿಲ್ಲ ದೊಡ್ಡಪ್ಪ. ಕಾನೂನು ಹಂಗಿದೆ ಅಂದೆ."

"ಎರಡೂ ಒಂದೇ ತಾನೇ? ಇವತ್ತು ಬಂದು ಕಮ್ಮಿ ಮಾಡಿ ಅಂತೀಯ. ನಾಳೆ ಇನ್ನೇನಂತೀಯೋ! ಏನವ್ವಾ, ಕಾಲೇಜಲ್ಲಿ ಕೊಟ್ಟಂಗೆ ಇದಕ್ಕೂ ಕಪ್ಪು ಕೊಡ್ತಾರಾ?"

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಮಧ್ಯಾಹ್ನದವರೆಗೆ ಒಂದು ಮನೆಯವರೂ ಒಂದು ಗರಿಯನ್ನೂ ಇಳಿಸಲಿಲ್ಲ. ಮೊದಲ ಮಾತು ನಂಬಿಸಲು ಕಲಿತಿದ್ದೆ. ಅದನ್ನು ಬಿಡಿಸಲು ಯಾರೂ ಕಲಿಸಿರಲಿಲ್ಲ.

ಶುಕ್ರವಾರ ಅಕ್ಕ ಬಂದಳು. ಹೆಗಲಿಗೆ ಚೀಲ, ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಹೊಸ ಫಾರಂ. ಮೊದಲ ಮನೆ ನಮ್ಮದು.

"ಕೂತ್ಕಳೇ, ಕಾಫಿ ಕುಡಿ," ಎಂದಳು ಅಮ್ಮ.

"ಡ್ಯೂಟಿ ಮೇಲಿದೀನಿ ಅಮ್ಮ."

"ಡ್ಯೂಟಿಗೆ ಬಾಯಿಲ್ವೇನೇ? ಕುಡಿ."

ನಿಂತೇ ಕುಡಿದಳು. ಆಮೇಲೆ ನನ್ನ ಕಡೆ ತಿರುಗಿ ಓದಿದ ಹಾಗೆ ಕೇಳಿದಳು: ಮನೆಯಲ್ಲಿ ಸೌದೆ ಒಲೆ ಎಷ್ಟು? ದಿನಕ್ಕೆ ಎಷ್ಟು ಹೊತ್ತು ಉರಿಯುತ್ತದೆ? ಸುಡುವುದು ಏನು, ಎಷ್ಟು? ಒಂದೊಂದಕ್ಕೂ ನಿಜ ಹೇಳಿದೆ. ಅವಳಿಗೆ ಉತ್ತರಗಳೆಲ್ಲ ಮೊದಲೇ ಗೊತ್ತಿದ್ದವು. ಆ ಒಲೆಗೆ ಗರಿ ತುರುಕಿ ಕಣ್ಣುಜ್ಜಿಕೊಂಡು ಬೆಳೆದವರು ನಾವಿಬ್ಬರೇ.

ನನಗೆ ತಡೆಯಲಾಗಲಿಲ್ಲ. "ನಿನ್ನ ಪ್ರಶ್ನೆನೇ ಸರಿಯಿಲ್ಲ. ಕರಟ ಉರಿಯೋದು ಬೇರೆ, ಹಸಿ ಗರಿ ಉರಿಯೋದು ಬೇರೆ. ಎರಡನ್ನೂ ಒಂದೇ ಕಾಲಂಗೆ ಹಾಕಿ ಅದರ ಮೇಲೆ ಕಾನೂನು ಕಟ್ತೀರಾ?"

ಒಂದು ಕ್ಷಣ ಅವಳ ತುಟಿಯ ಕೊನೆ ಅಲುಗಿತು. ನನ್ನ ಜೀವವೆಲ್ಲ ಅಲ್ಲಿ ನಿಂತಿತು.

"ಷರಾ ಅಂತ ಒಂದು ಜಾಗ ಇದೆ. ಅಲ್ಲಿ ಬರೀತೀನಿ," ಎಂದಳು. ಬರೆದಳು ಕೂಡ. "ಇಲ್ಲಿ ಸಹಿ ಮಾಡಿ."

ಮಾಡಿದೆ. ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋದಳು. ನಾನು ಹಿತ್ತಲಿನಿಂದ ಹೊರಬಿದ್ದು, ಬೀದಿಯ ಹಿತ್ತಲುಗಳ ಹಿಂದೆ ಉದ್ದಕ್ಕೂ ಇರುವ ಗೋಡೆಗೆ, ದೊಡ್ಡಪ್ಪನ ಬಚ್ಚಲ ಹಿಂದೆ ಒರಗಿ ನಿಂತೆ.

"ಮರ ಎಷ್ಟು ದೊಡ್ಡಪ್ಪ?" ಅಕ್ಕನ ದನಿ.

"ನಿಂಗೊತ್ತಿಲ್ವಾ? ನಲವತ್ತು."

"ಮರಕ್ಕೆ ತಿಂಗಳಿಗೊಂದು ಗರಿ. ಪೊರಕೆಗೆ ಸೀಳಿದ್ದು, ಕೊಟ್ಟಿಗೆಗೆ ಹೊದಿಸಿದ್ದು ಕಳೀರಿ. ನೀವು ಬರ್ಸಿರೋಷ್ಟು ಸುಟ್ಟಿದ್ರೆ ನಿಮ್ಮ ಹಂಡೆ ಇಷ್ಟೊತ್ತಿಗೆ ಕರಗಿಹೋಗ್ಬೇಕಿತ್ತು."

"ಪಕ್ಕದ ತೋಟದ್ದೂ ತಂದು ಸುಡ್ತೀನಿ ಕಣವ್ವ."

"ಪಕ್ಕದ ತೋಟ ನಮ್ದು. ಕದ್ದಿದೀರಿ ಅಂತ ಷರಾ ಬರೀಲಾ?"

ದೊಡ್ಡಪ್ಪನ ಹೆಂಡತಿ ಒಳಗಿಂದ ಕಿಸಕ್ಕನೆ ನಕ್ಕಳು. ದೊಡ್ಡಪ್ಪ ಸೋಲಲಿಲ್ಲ. "ಜಾಸ್ತಿ ಬರ್ಸಿದ್ರೆ ಬಚಾವು ಅಂತ ನಿನ್ ತಂಗಿನೇ ಅಂದ್ಲಲ್ಲ?"

"ಅವ್ಳು ಹೇಳಿದ್ದು ಅರ್ಧ ನಿಜ," ಎಂದಳು ಅಕ್ಕ. "ಎಲ್ರೂ ಸುಳ್ಳು ಬರ್ಸಿದ್ರೆ ಕಾಗದದ ಮೇಲೆ ಎಲ್ರೂ ಗೆದ್ರು. ಹೊಗೆ ಎಷ್ಟಿತ್ತೋ ಅಷ್ಟೇ ಇರ್ತದೆ. ಕಾರ್ಖಾನೆಯೋನು ಸುಳ್ಳು ಬರೆದ ಅಂತ ನಾಳೆ ನಾವು ಕೇಳೋದು ಬ್ಯಾಡ್ವಾ? ಯಾವ ಬಾಯಲ್ಲಿ ಕೇಳ್ತೀರಿ ದೊಡ್ಡಪ್ಪ?"

ಕೂಗಲಿಲ್ಲ. ಕೇಳಿ ಸುಮ್ಮನಾದಳು. ಎರಡು ವಾರದಿಂದ ನಾನು ಕಾದಿದ್ದ ಉತ್ತರ ಗೋಡೆಯ ಆಚೆ ಇನ್ನೊಬ್ಬರಿಗೆ ಸಿಕ್ಕಿತ್ತು.

ದೊಡ್ಡಪ್ಪ ಎಲೆ ಅಡಿಕೆ ಉಗಿದ ಸದ್ದಾಯಿತು. "ಆಯ್ತು ಹೊಡ್ದಾಕು. ನಲವತ್ ಮರಕ್ಕೆ ಏನು ಬತ್ತದೋ ಅದನ್ನೇ ಬರ್ಕೋ. ಏಯ್, ಆಚೆ ಮನೆಯೋನೇ, ನೀನೂ ನೆಟ್ಟಗೆ ಹೇಳು! ಹುಡುಗಿ ಬಿಡಂಗಿಲ್ಲ."

ಪೆನ್ನು ಕಾಗದದ ಮೇಲೆ ಓಡಿದ ಸದ್ದು ಕೇಳಿಸಲಿಲ್ಲ, ಕೇಳಿಸಿದ ಹಾಗಾಯಿತು. ಶನಿವಾರದೊಳಗೆ ಲೆಕ್ಕ ಮುಗಿಯುತ್ತದೆ, ಅಕ್ಕನ ಕೆಲಸ ಉಳಿಯುತ್ತದೆ.

ಅವಳ ಮಾತಿಗೆ ನನ್ನ ಹತ್ತಿರ ಎದುರು ಮಾತು ಇತ್ತು. ನಿಜ ಬರೆಸಿದವರ ಮೇಲೆ ಮೊದಲು ಬೀಳುವುದು ಇದೇ ಕಾನೂನು, ಸುಳ್ಳು ಬರೆಸಿದವನ ಬಳಿ ವಕೀಲ ಇರುತ್ತಾನೆ, ಅದಕ್ಕೇನಂತೀಯ? ಒಳ್ಳೆಯ ಮಾತು. ಅವಳಿಗೂ ಇಷ್ಟವಾಗುತ್ತಿತ್ತು. ಉತ್ತರ ಹುಡುಕಲು ಅವಳಿಗೆ ಇಡೀ ದಿನ ಬೇಕಾಗುತ್ತಿತ್ತು.

ಅವಳು ಅದರಾಚೆಯ ಮನೆಗೆ ದಾಟಿದಳು. ನಾನು ಗೋಡೆ ಹಿಡಿದುಕೊಂಡು ಅವಳ ದನಿಯ ಜೊತೆಗೇ ಅಷ್ಟು ದೂರ ಸರಿದೆ.