ರಾಯಲ್ಪಾಡಿನಿಂದ ಬಂದ ವರಮಾನದ ಕಾಗದ

ಆ ದಿನ ಕಚೇರಿಯ ಕೋಣೆಯಲ್ಲಿ ಇದ್ದವರು ಐದು ಜನ. ಗೋಡೆಗೆ ಬೆನ್ನು ಕೊಟ್ಟು ಕೂತ ಹೆಡ್ ಕ್ಲರ್ಕು, ಅವರ ಪಕ್ಕದ ಸ್ಟೂಲಿನ ಮೇಲೆ ಲಕೋಟೆಗಳಿಗೆ ಅಂಟು ಹಚ್ಚುತ್ತಿದ್ದ ಮುದುಕ ಅಟೆಂಡರು, ಸ್ಕಾಲರ್‌ಶಿಪ್ ಅರ್ಜಿಗಳ ಕಟ್ಟು ಬಿಚ್ಚಿಕೊಂಡ ನಾನು. ಜಾಲರಿ ಕಿಟಕಿಯ ಹತ್ತಿರ ನಿಲ್ಲಿಸಿ ಮಾತಾಡಿಸುವುದು ಬೇಡವೆಂದು ಒಳಗೆ ಕರೆಸಿಕೊಂಡಿದ್ದ ಇನ್ನಿಬ್ಬರು: ರಾಯಲ್ಪಾಡಿನ ಪಕ್ಕದ ಹಳ್ಳಿಯ ಒಬ್ಬ ಯಜಮಾನರು, ಮತ್ತು ಎರಡನೇ ವರ್ಷದ ಬಿ.ಎಸ್ಸಿ.ಗೆ ಬಂದಿದ್ದ ಅವರ ಚಿಕ್ಕ ಮಗಳು. ಕುರ್ಚಿ ತೋರಿಸಿದರೂ ಇಬ್ಬರೂ ಕೂರಲಿಲ್ಲ.

ಎಂಬತ್ತರ ದಶಕದ ಮೊದಮೊದಲ ವರ್ಷಗಳು ಅವು. ಕೋಲಾರದ ಒಂದು ಕಾಲೇಜಿನಲ್ಲಿ ನಾನು ಗುಮಾಸ್ತ. ಬಸ್ ಪಾಸಿಗೆ ಸೀಲು ಹೊಡೆಯುವುದು, ಬುಕ್ ಬ್ಯಾಂಕಿನ ಪುಸ್ತಕ ಹಂಚುವುದು, ಸ್ಕಾಲರ್‌ಶಿಪ್ ಅರ್ಜಿ ತುಂಬಿಸುವುದು, ಹಾಸ್ಟೆಲಿಗೆ ಪಟ್ಟಿ ಕಳಿಸುವುದು, ಎಲ್ಲವೂ ನನ್ನ ಕಿಟಕಿಯಲ್ಲೇ ನಡೆಯಬೇಕು. ಜೂನ್ ತಿಂಗಳು ಹಿಡಿಯಿತೆಂದರೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲ ಕಡೆಯ ಬಸ್ಸು ಇಳಿದ ಮಕ್ಕಳು ನೇರ ಅಲ್ಲಿಗೇ ಬರುತ್ತಿದ್ದರು. ಅಪ್ಪಂದಿರು ಹೊರಗೆ ಬೇವಿನ ಮರದ ಕೆಳಗೆ ಕೂತು ಬೀಡಿ ಸೇದುತ್ತಿದ್ದರು. ಹೋಳೂರಿನ ಕಡೆಯವರು ಬಂದರೆ ನನಗೆ ಎರಡು ಬದನೆಕಾಯಿಯೋ ನಾಲ್ಕು ಹಸಿಮೆಣಸಿನಕಾಯಿಯೋ ಟವೆಲಿನಲ್ಲಿ ಕಟ್ಟಿ ತರುವುದೂ ಇತ್ತು. ನಾನು ಅದೇ ಊರಿನವನು, ಬೇಡ ಎಂದರೆ ಮುನಿಸು.

ಹೆಡ್ ಕ್ಲರ್ಕು ಕನ್ನಡಕ ಏರಿಸಿ ಆ ಹುಡುಗಿಯ ಅರ್ಜಿಗೆ ಲಗತ್ತಿಸಿದ್ದ ವರಮಾನದ ಸರ್ಟಿಫಿಕೇಟನ್ನು ಎರಡು ಸಲ ಓದಿದರು.

“ಏನಯ್ಯಾ, ಹೋದ ವರ್ಷದ ಕಾಗದದಲ್ಲಿ ಕೂಲಿ ಅಂತಿದೆ. ಈ ವರ್ಷ ನೋಡಿದ್ರೆ ಮಾವಿನ ಸಾಹುಕಾರ ಆಗಿದ್ದೀಯ. ಮೂರೆಕರೆ ತೋಪಿನ ಫಸಲು ನೀನೇ ಗುತ್ತಿಗೆ ಹಿಡಿದಿದ್ದೀಯಂತೆ. ಒಂದೇ ವರ್ಷದಲ್ಲಿ ಹೆಂಗಯ್ಯ? ನಮಗೂ ಒಸಿ ಹೇಳಿಕೊಡು.”

ಅಟೆಂಡರು ನಕ್ಕ. ಯಜಮಾನರೂ ಮರ್ಯಾದೆಗೆಂದು ನಕ್ಕರು. ಆಮೇಲೆ ನೆಲ ನೋಡಿದರು. ಮಾತಾಡಿದವಳು ಹುಡುಗಿ.

“ಫಸಲು ಬೇರೆಯವರದು ಸಾರ್. ನಮ್ಮಪ್ಪ ತೋಪು ಕಾಯೋರು.”

“ಮತ್ತೆ ಇದರಲ್ಲಿ ಹೀಗೆ ಯಾಕಮ್ಮ ಬಂತು?”

ಅವಳು ಅಪ್ಪನ ಮುಖ ನೋಡಿದಳು. ಈ ಕಾಗದ ಹೀಗೇ ಇದ್ದರೆ ಸ್ಕಾಲರ್‌ಶಿಪ್ಪೂ ಇಲ್ಲ, ಅದರ ಜೊತೆಗೆ ಬರುವ ಹಾಸ್ಟೆಲಿನ ಸೀಟೂ ಇಲ್ಲ. ಹಾಸ್ಟೆಲು ಇಲ್ಲವೆಂದರೆ ಅವಳಿಗೆ ಕಾಲೇಜೂ ಇಲ್ಲ. ಅದು ಆ ಕೋಣೆಯಲ್ಲಿದ್ದ ಐದು ಜನಕ್ಕೂ ತಿಳಿದಿತ್ತು.

ನಾನು ಯಜಮಾನರನ್ನು ಹೊರಗೆ ಕರೆದುಕೊಂಡು ಹೋಗಿ ಟೀ ಕೊಡಿಸಿದೆ. ಬೆಂಚಿನ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ನಡೆದದ್ದನ್ನು ಹೇಳಿದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಆಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ಮೂರನೆಯದು ಮುಳಬಾಗಿಲು ಕಡೆಯದು. ಗಂಡಿನವರು ಹೆಣ್ಣು ನೋಡುವುದಕ್ಕೆ ಏಳು ಜನ ಬಂದು, ಮನೆ ಮುಂದೆ ಚಾಪೆ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದಾರೆ. ಅದೇ ಹೊತ್ತಿಗೆ, ಚಿಕ್ಕವಳ ಅರ್ಜಿಯ ವಿಚಾರಣೆಗೆಂದು ತಾಲ್ಲೂಕು ಕಚೇರಿಯ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದು ಇಳಿದಿದ್ದಾರೆ.

ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯರೇ. ಬಂದ ಕೆಲಸ ಮುಗಿಸಿ ಬಿಸಿಲೇರುವ ಮೊದಲು ಇನ್ನೊಂದು ಊರಿಗೆ ಹೋಗಬೇಕಾಗಿತ್ತು. ಊರವರು ಐದು ಜನರನ್ನು ಕರೆಸಿ, ಎಲ್ಲರ ಎದುರಿಗೆ ಕೇಳಿ, ಅವರ ರುಜು ಹಾಕಿಸಿಕೊಳ್ಳುವುದು ಪದ್ಧತಿ. ಅದಕ್ಕೆ ಮಹಜರು ಎನ್ನುತ್ತಾರೆ. ಅವರು ಚಾಪೆಯ ಪಕ್ಕದಲ್ಲೇ ನಿಂತು, “ಏನಪ್ಪಾ, ಜೀವನಕ್ಕೆ ಏನು ಮಾಡ್ತೀಯ?” ಎಂದು ಕೇಳಿಬಿಟ್ಟರು.

“ಏಂ ಚೆಪ್ಪೇದಿ ಸಾಮಿ, ಏನಂತ ಹೇಳೋದು?” ಎಂದರು ಯಜಮಾನರು ನನಗೆ. “ಬೀಗರಾಗೋರು ಕೂತವ್ರೆ. ಕಾವಲು ಕಾಯ್ತೀನಿ ಅಂತ ಬಾಯಿಗೆ ಬರಲಿಲ್ಲ. ಈ ಸಲ ತೋಪು ನಾನೇ ಹಿಡಿದಿದ್ದೀನಿ ಅಂದ್ಬಿಟ್ಟೆ.”

“ಐದು ಜನ ಇದ್ದರಲ್ಲ, ಅವರು?”

“ಅವರೂ ಹೂಂ ಅಂದ್ರು ಸಾಮಿ.”

ನಮ್ಮ ಕಡೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಹೆಣ್ಣಿನ ಅಪ್ಪ ಏನು ಹೇಳಿದರೂ ಊರು ಅದನ್ನು ಎತ್ತಿಹಿಡಿಯುತ್ತದೆ. ಪಕ್ಕದ ಮನೆಯ ಹಿತ್ತಾಳೆ ಚೊಂಬು ತಂದಿಟ್ಟರೆ ಪಕ್ಕದ ಮನೆಯವಳೇ ‘ಇವರ ಅತ್ತೆ ಕಾಲದ್ದು’ ಎನ್ನುತ್ತಾಳೆ. ಯಾರ ಕೊಟ್ಟಿಗೆಯ ಎತ್ತನ್ನೋ ತಂದು ಕಟ್ಟಿದರೆ ಎತ್ತಿನವನೇ ಹುಲ್ಲು ಹಾಕಿಹೋಗುತ್ತಾನೆ. ನಮ್ಮ ಅಜ್ಜಿ ಇದನ್ನು ಸುಳ್ಳು ಎಂದು ಎಣಿಸಿದವಳೇ ಅಲ್ಲ. ‘ಒಂದು ಹೆಣ್ಣು ದಾಟಿಸೋದು’ ಎನ್ನುತ್ತಿದ್ದಳು. ಹಾಗಾಗಿ ಆ ಐದು ಜನ ಹೂಂ ಎಂದದ್ದಷ್ಟೇ ಅಲ್ಲ, ಒಬ್ಬರು ಹೂವು ಬಂದಾಗಲೇ ಬೆಲೆ ಮಾತಾಡಿದ್ದ ಎಂದೂ, ಇನ್ನೊಬ್ಬರು ಕಾಯಿ ಮದರಾಸಿಗೆ ಹೋಗುತ್ತೆ ಎಂದೂ ಸೇರಿಸಿದರು. ಐದನೆಯವನು ನಿಜವಾಗಿ ಆ ತೋಪಿನ ಫಸಲು ಹಿಡಿದಿದ್ದ ವ್ಯಾಪಾರಿ. ಯಜಮಾನರಿಗೆ ಕೂಲಿ ಕೊಡುತ್ತಿದ್ದವನು ಅವನೇ. ಅವನೂ “ಹೌದು ಸಾರ್, ಇವರದೇ” ಎಂದು ರುಜು ಹಾಕಿದ.

ಇನ್ಸ್‌ಪೆಕ್ಟರು ಕೇಳಿದ್ದನ್ನು ಬರೆದುಕೊಂಡು ಹೋದರು. ಸಂಬಂಧ ಕುದುರಿತು.

ನಾನು ನಡೆದದ್ದನ್ನು ಹೆಡ್ ಕ್ಲರ್ಕಿಗೆ ತಿಳಿಸಿದೆ. ಆಗ ಅವರು ತಮಾಷೆ ಮಾಡಲಿಲ್ಲ. ಸ್ವಲ್ಪ ಹೊತ್ತು ಪೆನ್ಸಿಲ್ಲಿನಿಂದ ಮೇಜು ಕುಟ್ಟುತ್ತಾ ಕೂತು, “ಇನ್ನೊಂದು ಅರ್ಜಿ ಕೊಡಲಿ. ಮತ್ತೆ ವಿಚಾರಣೆ ಮಾಡಿ ಬೇರೆ ಕಾಗದ ಕೊಡ್ತಾರೆ. ಕಡೇ ದಿನಕ್ಕೆ ಇನ್ನೂ ಮೂರು ವಾರ ಇದೆ” ಎಂದರು.

ನಾನು ಹುಡುಗಿಯನ್ನು ಕರೆದು ಅದನ್ನೇ ಹೇಳಿದೆ. ಅವಳು ಅಲ್ಲಿಯವರೆಗೆ ಯೋಚಿಸಿಟ್ಟುಕೊಂಡಿದ್ದವಳ ಹಾಗೆ ಕೇಳಿದಳು.

“ವಿಚಾರಣೆ ಊರಲ್ಲೇ ಮಾಡ್ತಾರಾ ಸಾರ್?”

“ಊರಲ್ಲೇ ಮಾಡಬೇಕಮ್ಮ. ಅದೇ ಐದು ಜನರ ಮುಂದೆ. ಮೊದಲು ಹೇಳಿದ್ದು ತಪ್ಪು ಅಂತ ಬರೆದುಕೊಡಬೇಕು.”

“ಹಂಗಾದ್ರೆ ಬೇಡ ಸಾರ್, ಈಗ ಬೇಡ. ಅಕ್ಕನ ಮದುವೆ ಆಗಿಬಿಡ್ಲಿ.”

“ಮದುವೆ ಯಾವಾಗ?”

“ಶ್ರಾವಣದಲ್ಲಿ.”

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅರ್ಜಿಯ ಕಡೇ ದಿನ ಆಷಾಢದ ನಟ್ಟನಡುವೆ ಇತ್ತು. ಆಷಾಢದಲ್ಲಿ ಯಾರೂ ತಾಳಿ ಕಟ್ಟುವುದಿಲ್ಲ. ಇಂಥ ವಿಚಾರಣೆ ನಡೆಯಿತೆಂದರೆ ಅದರ ಮಾತು ಸಂತೆಯ ಹೊತ್ತಿಗೆ ಮುಳಬಾಗಿಲು ಮುಟ್ಟುತ್ತದೆ. ಅವಳು ಹೇಳುವುದರಲ್ಲಿ ನ್ಯಾಯವಿತ್ತು.

“ನೀನು ಓದೋದು ನಿಂತುಹೋಗುತ್ತಲ್ಲಮ್ಮ” ಎಂದೆ.

“ನನಗೆ ಹತ್ತೊಂಬತ್ತು ಸಾರ್. ಅಕ್ಕನಿಗೆ ಇಪ್ಪತ್ತೇಳು” ಎಂದಳು. ಅಷ್ಟೇ. ಒಂದು ವರ್ಷ ಆ ಕಿಟಕಿಯಲ್ಲಿ ಅವಳನ್ನು ನೋಡಿದ್ದೆ. ಬುಕ್ ಬ್ಯಾಂಕಿನ ಪುಸ್ತಕಕ್ಕೆ ಪೇಪರಿನ ರಟ್ಟು ಹಾಕಿ ಹಿಂದಕ್ಕೆ ಕೊಡುತ್ತಿದ್ದವಳು ಅವಳೊಬ್ಬಳೇ. ರಸಾಯನಶಾಸ್ತ್ರದ ಮೇಷ್ಟ್ರು, ಈ ಹುಡುಗಿ ಕೈಗೆ ಗಾಜಿನ ಸಾಮಾನು ಕೊಟ್ಟರೆ ಭಯವಿಲ್ಲ ಎನ್ನುತ್ತಿದ್ದರು.

ಮೂರು ವಾರದಲ್ಲಿ ನಾವು ಏನು ಮಾಡಬಹುದೋ ಅದನ್ನೆಲ್ಲ ಮಾಡಿದೆವು. ಪ್ರಿನ್ಸಿಪಾಲರು ಬಡ ವಿದ್ಯಾರ್ಥಿಗಳ ನಿಧಿಯಿಂದ ಟರ್ಮ್ ಫೀ ಕಟ್ಟಿಸಿದರು. ಹಾಸ್ಟೆಲು ಮಾತ್ರ ಅವರ ಕೈಯಲ್ಲಿರಲಿಲ್ಲ. ಪಟ್ಟಿಯಲ್ಲಿ ಹೆಸರು ಬರಲಿ ಎಂದು ವಾರ್ಡನ್ ಆಕೆ ಕಾದರು. ಪಟ್ಟಿ ಬರೆಯಬೇಕಾದವನು ನಾನು, ಆ ಹೆಸರು ಹಾಕಲು ನನ್ನ ಹತ್ತಿರ ಕಾಗದವಿಲ್ಲ.

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಅಕ್ಕಿ ಆರಿಸುತ್ತಾ, “ಅದಕ್ಕೇನ್ರೀ, ನಮ್ಮನೇಲೇ ಇರಲಿ. ಮಕ್ಕಳ ಜೊತೆ ನಡುಮನೇಲಿ ಮಲಗ್ತಾಳೆ. ನಾವು ತಿನ್ನೋ ಮುದ್ದೆ ಅವಳೂ ತಿಂತಾಳೆ” ಎಂದಳು. ನನಗೆ ಎದೆ ಹಗುರಾಯಿತು. ಮಾರನೆಯ ಭಾನುವಾರ ಬಸ್ಸು ಹತ್ತಿ, ಶ್ರೀನಿವಾಸಪುರದಲ್ಲಿ ಬಸ್ಸು ಬದಲಿಸಿ ಅವರ ಊರಿಗೇ ಹೋದೆ. ಯಜಮಾನರು ನನ್ನನ್ನು ತೋಪಿನ ಗುಡಿಸಲಿನ ಮುಂದೆ ಕೂರಿಸಿ, ಇದ್ದುದರಲ್ಲಿ ದೊಡ್ಡದೊಂದು ಹಣ್ಣು ಹುಡುಕಿ ಕೊಟ್ಟರು. ಹುಡುಗಿಯ ತಾಯಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

“ನಿಮ್ಮ ಮನೆಯವರು ದೊಡ್ಡ ಮನಸ್ಸಿನೋರು ಅಣ್ಣಾ” ಎಂದರು. “ಆದ್ರೆ ಬೀಗರು ಕೇಳ್ತಾರೆ. ಇಂಥ ತೋಪು ಹಿಡಿದಿರೋರು ಮಗಳನ್ನ ಯಾರ ಮನೇಲೋ ಯಾಕೆ ಬಿಟ್ಟವ್ರೆ ಅಂತ. ಏನಂತ ಹೇಳೋಣ?”

ಹೇಳಿದ ಒಂದು ಮಾತು ಆ ಮನೆಯನ್ನು ಎಲ್ಲ ಕಡೆಯಿಂದಲೂ ಕಟ್ಟಿಹಾಕಿತ್ತು. ಯಜಮಾನರು ನನ್ನ ಕೈ ಹಿಡಿದುಕೊಂಡು, “ನನ್ನ ಬಾಯಿ ಬಿದ್ದುಹೋಗಬಾರದಿತ್ತಾ ಸಾಮಿ ಆವತ್ತು” ಎಂದರು. ಹಿಂದಿನಿಂದ ಅವರ ದೊಡ್ಡ ಮಗಳು ನೀರಿನ ಚೊಂಬು ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು. ಅವಳಿಗೂ ಎಲ್ಲ ಗೊತ್ತಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು.

ಕಡೇ ದಿನ ಪಟ್ಟಿಯನ್ನು ಟೈಪ್ ಮಾಡಿದವನು ನಾನೇ. ಅವಳ ಹೆಸರು ಬರಬೇಕಾದ ಕಡೆ ಮಾಲೂರಿನ ಇನ್ನೊಂದು ಹುಡುಗಿಯ ಹೆಸರು ಬಂತು. ಅವಳೂ ಬಡವರ ಮಗಳೇ, ಅವಳದ್ದೇನೂ ತಪ್ಪಿಲ್ಲ. ಹೆಡ್ ಕ್ಲರ್ಕು ರುಜು ಹಾಕುವಾಗ ನನ್ನ ಕಡೆ ನೋಡಲಿಲ್ಲ.

ಹುಡುಗಿ ಹಟ ಬಿಡದೆ ಹದಿನೈದು ದಿನ ಊರಿನಿಂದಲೇ ಓಡಾಡಿದಳು. ಬಸ್ ಪಾಸಿಗೆ ನಾನೇ ಸೀಲು ಹೊಡೆದುಕೊಟ್ಟೆ. ಮೊದಲ ಬಸ್ಸು ಹಿಡಿದರೂ ಕೋಲಾರ ಮುಟ್ಟುವ ಹೊತ್ತಿಗೆ ಪ್ರಾಕ್ಟಿಕಲ್ಲಿನ ಅರ್ಧ ಮುಗಿದಿರುತ್ತಿತ್ತು. ಸಂಜೆ ಶ್ರೀನಿವಾಸಪುರದಿಂದ ಮುಂದಕ್ಕೆ ಬಸ್ಸು ಸಿಕ್ಕರೆ ಸಿಕ್ಕಿತು. ಒಂದು ದಿನ ಸಿಗಲಿಲ್ಲ. ಅವಳಪ್ಪ ಕಂದೀಲು ಹಿಡಿದು ಅರ್ಧ ದಾರಿಗೆ ಬಂದು ಕರೆದುಕೊಂಡು ಹೋದರಂತೆ. ಮಾರನೆಯ ಸೋಮವಾರ ಬುಕ್ ಬ್ಯಾಂಕಿನ ನಾಲ್ಕು ಪುಸ್ತಕಗಳನ್ನು ನನ್ನ ಕಿಟಕಿಯಲ್ಲಿಟ್ಟಳು.

“ಇಟ್ಕೊಳ್ಳಮ್ಮ, ಪರೀಕ್ಷೆವರೆಗೂ ಇಟ್ಕೋಬಹುದು” ಎಂದೆ.

“ಬೇರೆಯವರಿಗೆ ಬೇಕಾಗುತ್ತೆ ಸಾರ್” ಎಂದಳು. “ಮುಂದಿನ ವರ್ಷ ಬರ್ತೀನಿ. ಅಷ್ಟರಲ್ಲಿ ಎಲ್ಲ ಸರಿಹೋಗುತ್ತೆ.”

ರಿಜಿಸ್ಟರಿನಲ್ಲಿ ರುಜು ಹಾಕಿ, ಅಟೆಂಡರಿಗೂ ಹೇಳಿ ಹೋದಳು. ಸಂಜೆ ಬೀಗ ಹಾಕುವಾಗ ಆ ಮುದುಕ, “ಆವತ್ತು ನಾನು ನಗಬಾರದಾಗಿತ್ತು ಸಾರ್” ಎಂದ.

ಶ್ರಾವಣದಲ್ಲಿ ಮದುವೆ ನಡೆಯಿತು. ಅರಿಸಿನ ಹಚ್ಚಿದ ಪತ್ರಿಕೆ ಕಚೇರಿಗೂ ಬಂದಿತ್ತು. ನಾವು ಯಾರೂ ಹೋಗಲಾಗಲಿಲ್ಲ.

ಮುಂದಿನ ವರ್ಷ ಜೂನಿನಲ್ಲಿ ಯಜಮಾನರು ಒಬ್ಬರೇ ಬಂದರು. ಬಿಳಿ ಅಂಗಿ ಹಾಕಿದ್ದರು. ಪ್ಲಾಸ್ಟಿಕ್ ಚೀಲದೊಳಗಿಂದ ಮಡಿಸಿದ ಒಂದು ಕಾಗದ ತೆಗೆದು ಕಿಟಕಿಯೊಳಕ್ಕೆ ಚಾಚಿದರು. ಹೊಸ ವಿಚಾರಣೆ ಮಾಡಿ ಕೊಟ್ಟ ವರಮಾನದ ಸರ್ಟಿಫಿಕೇಟು. ಕಸುಬು: ತೋಪು ಕಾಯುವ ಕೂಲಿ. ಸೀಲು, ರುಜು, ಎಲ್ಲ ಸರಿಯಾಗಿತ್ತು. ನನಗಾದ ಸಂತೋಷಕ್ಕೆ, “ಎಲ್ಲಿ ಯಜಮಾನ್ರೇ, ಮಗಳೆಲ್ಲಿ?” ಎಂದು ಆಚೆ ಬೇವಿನ ಮರದ ಕಡೆ ಇಣುಕಿದೆ.

“ಅವಳನ್ನೂ ಅದೇ ಮನೆಗೆ ಕೊಟ್ಬಿಟ್ವಿ ಸಾಮಿ. ದೊಡ್ಡವಳ ಮೈದುನನಿಗೆ. ವೈಶಾಖದಲ್ಲಿ ಆಯ್ತು.” ಖಾಲಿ ಚೀಲ ಮಡಿಸುತ್ತಾ ಹೇಳಿದರು: “ಬೀಗರಿಗೆ ಮೊದಲೇ ಗೊತ್ತಿತ್ತಂತೆ, ತೋಪಿನ ವಿಷಯ. ಅವರು ತಮ್ಮದು ಅಂತ ತೋರಿಸಿದ್ದ ಬಾವೀನೂ ಅವರದಲ್ಲವಂತೆ. ಎಲ್ಲಾರೂ ಹೇಳೋದೇ ಅಲ್ವಾ ಅಂತ ನಕ್ಕುಬಿಟ್ರು.”

“ಮತ್ತೆ ಈ ಕಾಗದ ಯಾಕೆ ತಂದ್ರಿ?”

“ಅವಳ ಓದಿಗೆ ಅಂತ ಮದುವೆಗೆ ಮೊದಲೇ ಮಾಡಿಸಿದ್ದು, ಸರ್ಕಾರದ ಸೀಲು ಇರೋ ಕಾಗದ ಅಲ್ವಾ ಸಾಮಿ. ನಮಗೆ ಇನ್ನು ಬೇಕಾಗಿಲ್ಲ. ಯಾರಾದ್ರೂ ಬಡವರ ಹುಡುಗಿ ಬಂದ್ರೆ ಕೊಡಿ.”

ಅದರಲ್ಲಿ ಅವರ ಹೆಸರಿದೆ, ಬೇರೆ ಯಾರಿಗೂ ಬರುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆಗಲಿ ಎಂದು ತೆಗೆದಿಟ್ಟುಕೊಂಡೆ. ಅವರು ಹೆಡ್ ಕ್ಲರ್ಕಿಗೂ ಅಟೆಂಡರಿಗೂ ಕೈಮುಗಿದು, ಹನ್ನೊಂದೂವರೆಯ ಶ್ರೀನಿವಾಸಪುರದ ಬಸ್ಸಿಗೆ ಹೋದರು.